ಎಕ್ಸ್ ಎಂಬ ಅವ್ಯಕ್ತ

ತಮಗೆ ಓದಲು ಬರೆಯಲು ಬಾರದೆಂದು ನಾಲ್ಕು ಜನರ ಎದುರಿಗೆ ನಗುನಗುತ್ತ ಹೇಳಿಕೊಳ್ಳುವ ಗೃಹಸ್ಥರನ್ನು ನಾನು ಇದುವರೆಗೆ ಕಂಡಿಲ್ಲ. ಆದರೆ ‘ಲೆಕ್ಕ ಒಂದು ಮಾತ್ರ ನನ್ನ ತಲೆಗೆ ಹತ್ತಲೇ ಇಲ್ಲ ನೋಡಿ’ ಎನ್ನುವವರು ವಾರಕ್ಕೆ ಒಬ್ಬರಾದರೂ ಸಿಕ್ಕುತ್ತಾರೆ. ಆ ಮಾತಿನಲ್ಲಿ ಸಂಕೋಚದ ಲೇಶವೂ ಇರುವುದಿಲ್ಲ. ಒಂದು ಬಗೆಯ ಹೆಚ್ಚುಗಾರಿಕೆಯೇ ಇರುತ್ತದೆ. ಅದರಲ್ಲಿಯೂ ಬೀಜಗಣಿತದ ಮಾತು ಬಂದರೆ ಮುಗಿಯಿತು. ಮದುವೆಯ ಪಂಕ್ತಿಯಲ್ಲಿ ಪಾಯಸಕ್ಕೂ ಚಿತ್ರಾನ್ನಕ್ಕೂ ನಡುವೆ ಯಾರಾದರೊಬ್ಬರು, ‘ಅಲ್ಲ ಸ್ವಾಮಿ, ಆ ಎಕ್ಸನ್ನು ಐದು ವರ್ಷ ಹುಡುಕಿಸಿದರಲ್ಲ, ಆಮೇಲೆ ಜೀವನದಲ್ಲಿ ಅದು ಒಂದು ದಿನವಾದರೂ ಎದುರಿಗೆ ಸಿಕ್ಕಿತೇ?’ ಎಂದು ಕೇಳುತ್ತಾರೆ; ಪಂಕ್ತಿಯೆಲ್ಲ ನಗುತ್ತದೆ.

ಕೆಲಸವಾಗಿ, ಮನೆಯಾಗಿ, ಮಕ್ಕಳ ಮದುವೆಯಾಗಿ, ಪಾಯಸಕ್ಕೆ ಕೂತವರಿಗೆ ಈ ನಗೆ ಒಪ್ಪುತ್ತದೆ. ಆ ಎಕ್ಸ್ ಬಾಗಿಲಿಗೆ ಅಡ್ಡಲಾಗಿ ಕೂತಿದ್ದು, ಅದನ್ನು ದಾಟದೆ ಮುಂದಿನ ಮನೆಗೆ ಕಾಲಿಡುವಂತಿಲ್ಲ ಎಂಬ ಸ್ಥಿತಿಯಲ್ಲಿರುವವರಿಗೆ ನಗು ಬರುವುದಿಲ್ಲ. ಅಂಥವರೊಬ್ಬರನ್ನು ನಾನು ಬಲ್ಲೆ. ನಮ್ಮ ಮನೆಗೆ ಹೂವು ಕೊಡುವಾಕೆ ಅವರು.

ಒಂದು ಸಂಗತಿಯನ್ನು ಮೊದಲೇ ತಿಳಿಸಿಬಿಡುವುದು ವಾಸಿ. ನಾನು ಮೇಷ್ಟರಲ್ಲ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಲೆಡ್ಜರು ಬರೆದು, ಜಮಾ ಖರ್ಚು ತಾಳೆ ನೋಡಿ, ಕಣ್ಣಿಗೆ ಎರಡು ಸಲ ಕನ್ನಡಕ ಬದಲಾಯಿಸಿಕೊಂಡು ಮನೆಗೆ ಬಂದವನು. ಆದರೆ ಬಸವನಗುಡಿಯ ನಮ್ಮ ಬೀದಿಯಲ್ಲಿ ನಿವೃತ್ತರಾದವರೆಲ್ಲರೂ ಮೇಷ್ಟರೇ. ಪಿಂಚಣಿ ಬರುತ್ತದೆ, ಮಧ್ಯಾಹ್ನ ನಿದ್ದೆ ಬರುವುದಿಲ್ಲ. ಇನ್ನೇನು ಬೇಕು ಯೋಗ್ಯತೆ? ಆದ್ದರಿಂದ ಒಂದು ಬೆಳಿಗ್ಗೆ ನನ್ನ ಹೆಂಡತಿ ಹೂವಿನಾಕೆಯನ್ನು ಒಳಗೆ ಕರೆತಂದು, ‘ಇವರಿಗೆ ಎಸ್‌ಎಸ್‌ಎಲ್‌ಸಿ ಲೆಕ್ಕ ಹೇಳಿಕೊಡಬೇಕಂತೆ. ನೀವು ಸುಮ್ಮನೆ ಕೂತಿದ್ದೀರಲ್ಲ’ ಎಂದಾಗ ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಆಕೆಗೆ ಮೂವತ್ತಾರೋ ಮೂವತ್ತೇಳೋ ಇರಬಹುದು. ಬೆಳಗಿನ ಜಾವ ನಾಲ್ಕಕ್ಕೆ ಸಿಟಿ ಮಾರ್ಕೆಟ್ಟಿಗೆ ಹೋಗಿ ಹೂವು ತಂದು, ಆರೂವರೆಯೊಳಗೆ ಇಪ್ಪತ್ತು ಮೂವತ್ತು ಮನೆಗಳ ಬಾಗಿಲಿಗೆ ತಲುಪಿಸಿ, ಒಂಬತ್ತಕ್ಕೆ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸಕ್ಕೆ ಹಾಜರಾಗುತ್ತಿದ್ದರು. ರೋಗಿಗಳನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿತ್ತು. ಅಲ್ಲಿಯ ನೋಂದಣಿ ಮೇಜಿನಲ್ಲಿ ಕೂರುವವರೊಬ್ಬರು ಜೂನ್ ತಿಂಗಳಿಗೆ ಕೆಲಸ ಬಿಡುವವರಿದ್ದರು. ಆ ಜಾಗ ಈಕೆಗೆ ಆಗಬಹುದು, ಕನ್ನಡ ಚೆನ್ನಾಗಿ ಬರೆಯುತ್ತಾರೆ, ಜನರೊಂದಿಗೆ ಮಾತು ಮೃದು. ಆದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬೇಕು ಎಂದಿದ್ದರು. ಹದಿನೆಂಟು ಇಪ್ಪತ್ತು ವರ್ಷದ ಹಿಂದೆ ಆಕೆ ಉಳಿದೆಲ್ಲದರಲ್ಲೂ ಪಾಸಾಗಿ ಗಣಿತದಲ್ಲಿ ಹೋಗಿದ್ದರು. ಅದೇ ಬೇಸಿಗೆಯಲ್ಲಿ ಮದುವೆಯಾಯಿತು. ಗಂಡನ ವಿಷಯ ಆಕೆ ಹೇಳಲಿಲ್ಲ, ನಾವು ಕೇಳಲಿಲ್ಲ. ಎಂಟನೆಯ ತರಗತಿಯಲ್ಲಿ ಓದುವ ಒಬ್ಬ ಮಗಳಿದ್ದಾಳೆ. ‘ನನ್ನ ಮಗಳು ಹತ್ತಕ್ಕೆ ಬರೋದರೊಳಗೆ ನಾನು ಪಾಸಾಗಿಬಿಡಬೇಕು ಸಾರ್. ಇಲ್ಲದಿದ್ರೆ ಅವಳ ಮುಂದೆ ಏನಂತ ಮಾತಾಡ್ಲಿ?’ ಎಂದರು.

ಮೊದಲ ದಿನವೇ ನಾನು ಆಕೆಯ ಲೆಕ್ಕವನ್ನು ಪರೀಕ್ಷಿಸಬೇಕೆಂದುಕೊಂಡೆ. ಅದಕ್ಕೆ ಅವಕಾಶವೇ ಆಗಲಿಲ್ಲ. ನನ್ನ ಹೆಂಡತಿ, ‘ಮೂರು ಮಾರು, ಮೇಲೆ ಒಂದು ಮೊಳ, ಮೊಳಕ್ಕೆ ಮೂವತ್ತೈದು, ಎಷ್ಟಾಯಿತು?’ ಎಂದು ಹೂವಿನ ಹಣ ಕೊಡಲು ಬಂದಳು. ಮಾರಿಗೆ ನಾಲ್ಕು ಮೊಳ. ನಾನು ಮನಸ್ಸಿನಲ್ಲಿ ಹದಿಮೂರನ್ನು ಮೂವತ್ತೈದರ ಕೆಳಗೆ ಬರೆದುಕೊಳ್ಳುವಷ್ಟರಲ್ಲಿ ಆಕೆ, ‘ಹತ್ತಕ್ಕೆ ಮುನ್ನೂರೈವತ್ತು, ಮೂರಕ್ಕೆ ನೂರೈದು, ನಾನೂರೈವತ್ತೈದು ಅಮ್ಮ, ಐದು ಬಿಡಿ’ ಎಂದು ಸೆರಗಿಗೆ ಕೈ ಒರೆಸಿಕೊಂಡರು. ಬ್ಯಾಂಕಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಪದವೀಧರರು ಇದಕ್ಕೆ ಯಂತ್ರ ಹುಡುಕುತ್ತಿದ್ದರು.

ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನಲ್ಲಿ ಮೂವರು ವಿದ್ವಾಂಸರು ಬೀದಿಯಲ್ಲಿ ತೆಂಗಿನಕಾಯಿ, ತರಕಾರಿ ಮಾರುವ ಐವರು ಮಕ್ಕಳ ಲೆಕ್ಕವನ್ನು ಪರೀಕ್ಷೆ ಮಾಡಿ 1985ರಲ್ಲಿ ಪ್ರಕಟಿಸಿದರು. ಅಂಗಡಿಯ ಮುಂದೆ ಗಿರಾಕಿಯ ವೇಷದಲ್ಲಿ ಕೇಳಿದಾಗ ನೂರಕ್ಕೆ 98 ಉತ್ತರ ಸರಿ. ಅದೇ ಲೆಕ್ಕಗಳನ್ನು ಕಾಗದದ ಮೇಲೆ ಬರೀ ಅಂಕಿಗಳಾಗಿ ಬರೆದು ಕೊಟ್ಟಾಗ ನೂರಕ್ಕೆ 37. ಅಲ್ಲಿಯ ಒಬ್ಬ ಹುಡುಗ ಮೂವತ್ತೈದರ ದರದ ಹತ್ತು ತೆಂಗಿನಕಾಯಿಗೆ, ಮೂರಕ್ಕೆ ನೂರೈದು, ಇನ್ನು ಮೂರು ಸೇರಿದರೆ ಇನ್ನೂರಹತ್ತು ಎಂದು ಏರಿಸಿಕೊಂಡು ಹೋಗಿ ಮುನ್ನೂರೈವತ್ತು ಮುಟ್ಟಿದ. ಅಟ್ಲಾಂಟಿಕ್ ಸಾಗರದ ಆ ದಡದ ಹುಡುಗನೂ ಗಾಂಧಿಬಜಾರಿನ ಹೂವಿನಾಕೆಯೂ ಒಂದೇ ಮೂವತ್ತೈದನ್ನು ಹಿಡಿದು, ಒಂದೇ ನೂರೈದರ ಮೆಟ್ಟಿಲಿನ ಮೇಲೆ ಕಾಲಿಟ್ಟದ್ದು ನನಗೆ ಬಲು ಸೊಗಸಾಗಿ ಕಂಡಿತು.

ಇಂಥವರು ಗಣಿತದಲ್ಲಿ ಏಕೆ ಹೋದರು? ಆಕೆಗೆ ಒಂದು ಸಮೀಕರಣ ಬರೆದು ಕೊಟ್ಟೆ: 3 ಎಕ್ಸ್ + 5 = 20. ಆಕೆ ಪೆನ್ನು ಹಿಡಿದ ಕೂಡಲೇ ಮುಖವೇ ಬೇರೆಯಾಯಿತು. ಹೂವಿನ ಬುಟ್ಟಿಯ ಮುಂದೆ ಇದ್ದ ಹೆಂಗಸು ಹೋಗಿ, ಕೊನೆಯ ಬೆಂಚಿನ ಹುಡುಗಿ ಬಂದು ಕೂತಳು. ಐದನ್ನು ಆಚೆಗೆ ಒಯ್ದು 3 ಎಕ್ಸ್ = 15 ಎಂದು ಸರಿಯಾಗಿಯೇ ಬರೆದರು. ಮುಂದಿನ ಸಾಲು, ಎಕ್ಸ್ = 15 − 3. ಉತ್ತರ, 12.

‘ಇದು ಹೇಗಮ್ಮ?’ ಎಂದೆ.

‘ಮೂರು ಆ ಕಡೆಗೆ ಹೋಯ್ತಲ್ಲ ಸಾರ್. ಆ ಕಡೆ ಹೋದ್ರೆ ಚಿಹ್ನೆ ಬದಲಾಗ್ಬೇಕು. ಪ್ಲಸ್ ಮೂರು ಇತ್ತು, ಮೈನಸ್ ಮೂರು ಮಾಡಿದೆ.’

ಪಾಪ, ಆಕೆ ಹೇಳಿದ್ದರಲ್ಲಿ ತರ್ಕವಿಲ್ಲದೆ ಇಲ್ಲ. ಆಕೆಗೆ ಶಾಲೆಯಲ್ಲಿ ದಾಟಿಸಿದ್ದು ಅದೊಂದೇ ಮಂತ್ರ: ಆಚೆ ಹೋದರೆ ಚಿಹ್ನೆ ಬದಲು. ನಮ್ಮ ಕಾಲದ ಮೇಷ್ಟರು ಇದಕ್ಕೆ ‘ಪಕ್ಷಾಂತರ’ ಎನ್ನುತ್ತಿದ್ದರು. ಆಗ ಆ ಮಾತಿಗೆ ನಗು ಬರುತ್ತಿರಲಿಲ್ಲ. ಈಗ ಪಕ್ಷಾಂತರವೆಂದರೆ ಪತ್ರಿಕೆಯ ಮೊದಲ ಪುಟ ನೆನಪಾಗುತ್ತದೆ. ಅದನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನೇ ಸೇರಿಸಬೇಕಾಯಿತು. ಬೀಜಗಣಿತದ ಸಂಖ್ಯೆಗಳು ಒಂದು ವಿಷಯದಲ್ಲಿ ನಮ್ಮ ನಾಯಕರಿಗಿಂತ ಮರ್ಯಾದಸ್ಥರು: ಪಕ್ಷ ಬದಲಾಯಿಸಿದರೆ ಚಿಹ್ನೆಯನ್ನೂ ಆ ಕ್ಷಣದಲ್ಲೇ ಬದಲಾಯಿಸಿಕೊಳ್ಳುತ್ತವೆ. ಆದರೆ ಕೂಡಿಕೊಂಡು ಬಂದವನು ಕಳೆದುಕೊಂಡು ಹೋಗಬೇಕು, ಗುಣಿಸಿಕೊಂಡು ಬಂದವನು ಭಾಗಿಸಿಕೊಂಡು ಹೋಗಬೇಕು ಎಂಬ ಭೇದವನ್ನು ಆ ಒಂದು ಮಂತ್ರ ನುಂಗಿಹಾಕುತ್ತದೆ. ಮಂತ್ರ ಬಾಯಿಗೆ ಬಂದ ಮಕ್ಕಳು ಮುಕ್ಕಾಲುಪಾಲು ಈ ಮೂರು ಎಕ್ಸಿನಲ್ಲಿಯೇ ಮುಗ್ಗರಿಸುತ್ತಾರೆ. ಎಕ್ಸಿನ ಪಕ್ಕದಲ್ಲಿ ನಿಂತ ಮೂರಕ್ಕೆ ಗುಣಾಕಾರದ ಗುರುತು ಇರುವುದಿಲ್ಲವಲ್ಲ! ಕಣ್ಣಿಗೆ ಕಾಣದ ಗುರುತನ್ನು ಬದಲಾಯಿಸು ಎಂದರೆ ಏನನ್ನು ಬದಲಾಯಿಸಬೇಕು?

ಇನ್ನೊಂದು ತೊಡಕು ಸಮ ಎಂಬ ಗುರುತಿನದು. ಆಕೆಯ ಹಳೆಯ ನೋಟ್‌ಬುಕ್ಕಿನಲ್ಲಿ 3 ಎಕ್ಸ್ + 5 = 20 − 5 = 15 ÷ 3 = 5 ಎಂದು ರೈಲುಗಾಡಿಯ ಹಾಗೆ ಒಂದೇ ಸಾಲು ಹೋಗಿತ್ತು. ಉತ್ತರ ಸರಿ, ದಾರಿಯೆಲ್ಲ ಸುಳ್ಳು. ಇಪ್ಪತ್ತರಲ್ಲಿ ಐದು ಹೋದದ್ದು ಹದಿನೈದನ್ನು ಮೂರರಿಂದ ಭಾಗಿಸಿದ್ದಕ್ಕೆ ಸಮವೆಲ್ಲಿ ಆಯಿತು? ಆಕೆ ಆ ಎರಡು ಗೆರೆಗಳನ್ನು ‘ಇಗೋ, ಉತ್ತರ ಬರುತ್ತದೆ’ ಎಂಬ ಗುರುತೆಂದು ತಿಳಿದಿದ್ದರು. ಒಂದನೆಯ ತರಗತಿಯಿಂದ 2 + 3 = ಎಂದು ಬರೆದು ಮುಂದೆ ಜಾಗ ಬಿಟ್ಟು ಕೊಟ್ಟರೆ ಯಾರಾದರೂ ಹಾಗೆಯೇ ತಿಳಿಯುತ್ತಾರೆ. ಆ ಗುರುತನ್ನು ಮೊದಲು ಅಚ್ಚಿಗೆ ತಂದವನು ವೇಲ್ಸ್ ಸೀಮೆಯ ರಾಬರ್ಟ್ ರೆಕಾರ್ಡ್ ಎಂಬ ವೈದ್ಯ, 1557ರಲ್ಲಿ. ‘ಇದು ಅದಕ್ಕೆ ಸಮ’ ಎಂದು ಪ್ರತಿ ಸಾಲಿನಲ್ಲಿಯೂ ಬರೆದು ಬೇಸತ್ತು, ಒಂದೇ ಅಳತೆಯ ಎರಡು ಸಮಾನಾಂತರ ಗೆರೆಗಳನ್ನು ಎಳೆದ. ಅವುಗಳಿಗಿಂತ ಸಮವಾದ ಜೋಡಿ ಬೇರೆ ಯಾವುದಿದೆ ಎಂಬುದು ಅವನ ವಾದ. ಲೋಕಕ್ಕೆ ಸಮದ ಗುರುತು ಕೊಟ್ಟ ಈ ಪುಣ್ಯಾತ್ಮ ಒಬ್ಬ ದೊಡ್ಡ ಮನುಷ್ಯನ ಮೇಲೆ ದೂರು ಹೇಳಿ, ಮಾನನಷ್ಟದ ಮೊಕದ್ದಮೆಯಲ್ಲಿ ಸೋತು, ದಂಡ ಕಟ್ಟಲು ಗತಿಯಿಲ್ಲದೆ ಮರುವರ್ಷವೇ ಲಂಡನ್ನಿನ ಸೆರೆಮನೆಯಲ್ಲಿ ತೀರಿಕೊಂಡ.

ಗೆರೆಗಳ ಕಥೆ ಹೇಳಿದರೆ ಲೆಕ್ಕ ಬರುವುದಿಲ್ಲ. ‘ನಾಳೆ ನಿಮ್ಮ ತಕ್ಕಡಿ ತನ್ನಿ’ ಎಂದೆ. ಸೇವಂತಿಗೆ, ಬಿಡಿ ಕನಕಾಂಬರ ತೂಗಲು ಆಕೆಯ ಹತ್ತಿರ ಒಂದು ಕೈ ತಕ್ಕಡಿ ಇತ್ತು. ಒಂದೇ ತೂಕದ ಮೂರು ಪೊಟ್ಟಣಗಳನ್ನು ನಾನು ಮೊದಲೇ ಕಟ್ಟಿಸಿ ಇಟ್ಟಿದ್ದೆ; ಒಳಗೆ ಎಷ್ಟಿದೆಯೆಂದು ಹೇಳಲಿಲ್ಲ. ಎಡತಟ್ಟೆಯಲ್ಲಿ ಮೂರು ಪೊಟ್ಟಣ ಮತ್ತು ಐವತ್ತು ಗ್ರಾಮಿನ ಕಲ್ಲು, ಬಲತಟ್ಟೆಯಲ್ಲಿ ಐನೂರರ ಕಲ್ಲು. ಮುಳ್ಳು ನೆಟ್ಟಗೆ ನಿಂತಿತು.

‘ಪೊಟ್ಟಣ ಒಂದಕ್ಕೆ ಎಷ್ಟು?’

ಆಕೆ ಒಂದು ಗಳಿಗೆ ನೋಡಿದರು. ಎಡಗಡೆಯ ಐವತ್ತನ್ನು ತೆಗೆಯಲು ಹೋಗಿ, ಕೈ ತಡೆದು, ಬಲಗಡೆಯ ಐನೂರನ್ನು ಎತ್ತಿ ಅದರ ಜಾಗದಲ್ಲಿ ಎರಡು ಇನ್ನೂರು, ಎರಡು ಐವತ್ತು ಇಟ್ಟರು. ನಾನು ಇದನ್ನು ಹೇಳಿಕೊಟ್ಟಿರಲಿಲ್ಲ. ಆಮೇಲೆ ಎರಡೂ ಕೈಯಿಂದ ಎರಡೂ ತಟ್ಟೆಯ ಒಂದೊಂದು ಐವತ್ತನ್ನು ಒಟ್ಟಿಗೆ ತೆಗೆದರು. ಮುಳ್ಳು ಅಲುಗಾಡಿ ಮತ್ತೆ ನೆಟ್ಟಗಾಯಿತು. ‘ಮೂರಕ್ಕೆ ನಾನೂರೈವತ್ತು. ಒಂದಕ್ಕೆ ನೂರೈವತ್ತು.’

‘ನಾನೂರೈವತ್ತರಲ್ಲಿ ಮೂರು ಯಾಕೆ ಕಳೆಯಲಿಲ್ಲ?’

‘ಮೂರು ಗ್ರಾಂ ತೆಗೆದ್ರೆ ಮೂರು ಪೊಟ್ಟಣ ಒಂದಾಗುತ್ತಾ ಸಾರ್? ಮೂರು ಪಾಲು ಮಾಡ್ಬೇಕು’ ಎಂದು ನಕ್ಕರು. ನಗುತ್ತಿದ್ದವರು ಥಟ್ಟನೆ ಸುಮ್ಮನಾದರು. ನೋಟ್‌ಬುಕ್ಕನ್ನು ಎಳೆದುಕೊಂಡು 15 − 3 ಎಂದು ಬರೆದಿದ್ದ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಹೊಡೆದುಹಾಕಲಿಲ್ಲ. ಅದರ ಪಕ್ಕದಲ್ಲಿ ಮೂರು ಸಣ್ಣ ಪೊಟ್ಟಣಗಳ ಚಿತ್ರ ಬರೆದರು.

ಬೀಜಗಣಿತವನ್ನು ತಕ್ಕಡಿಯಿಂದಲೇ ಕಲಿಸಿ ಮುಗಿಸಬಹುದೆಂದು ಹೇಳುವ ಉತ್ಸಾಹಿಗಳಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ತಟ್ಟೆಯಲ್ಲಿ ಮೈನಸ್ ಏಳು ಗ್ರಾಂ ಇಡುವುದು ಹೇಗೆ? ತಕ್ಕಡಿ ಅಲ್ಲಿಗೆ ಕೈಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಬ್ರಹ್ಮಗುಪ್ತ ಬೇಕು. ಅವನು 628ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಪ್ಲಸ್ಸಿಗೆ ಧನವೆಂದೂ ಮೈನಸ್ಸಿಗೆ ಋಣವೆಂದೂ ಹೆಸರು. ಧನಕ್ಕೆ ಧನ ಸೇರಿದರೆ ಧನ, ಋಣಕ್ಕೆ ಋಣ ಸೇರಿದರೆ ಋಣ, ಶೂನ್ಯದಿಂದ ಋಣವನ್ನು ಕಳೆದರೆ ಧನ. ಸಾಲ ಕಂಡವರಿಗೆ ಇದರಲ್ಲಿ ಬೆರಗಾಗುವಂಥದು ಏನೂ ಇಲ್ಲ. ಶೂನ್ಯದಿಂದ ಮೈನಸ್ ಕಳೆದರೆ ಪ್ಲಸ್ ಏಕೆಂದು ಆಕೆಗೆ ನಾನು ವಿವರಿಸಲು ಸಿದ್ಧನಾಗುತ್ತಿದ್ದೆ. ಅಷ್ಟರಲ್ಲಿ, ‘ಸಾಲ ಮನ್ನಾ ಆದ್ರೆ ಕೈಗೆ ದುಡ್ಡು ಬಂದ ಹಾಗೇ ಅಲ್ವಾ ಸಾರ್? ನಮ್ಮ ಸಂಘದಲ್ಲಿ ಹಾಗೇ ಬರ್ಕೊಳ್ತಾರೆ’ ಎಂದುಬಿಟ್ಟರು. ಕಾಲೇಜು ಓದಿದ ನನ್ನ ಮಕ್ಕಳಿಗೆ ಈ ವಿಷಯವನ್ನು ತಿಳಿಸಲು ಎರಡು ಭಾನುವಾರ ಹಿಡಿದಿತ್ತು. ಅವರಿಗೆ ಆಗ ಸಾಲವಿರಲಿಲ್ಲ.

ಎಕ್ಸ್ ಎಂಬ ಅಕ್ಷರ ಮಾತ್ರ ಆಕೆಗೆ ಕೊನೆಯವರೆಗೂ ಒಗ್ಗಲಿಲ್ಲ. ಅದು ನಮ್ಮ ಪುಸ್ತಕಗಳಿಗೆ ಬಂದದ್ದು ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟನ ಕಡೆಯಿಂದ. ಗೊತ್ತಿಲ್ಲದ ಬೆಲೆಗಳಿಗೆ ಅಕ್ಷರಮಾಲೆಯ ಕೊನೆಯ ಅಕ್ಷರಗಳನ್ನು 1637ರಲ್ಲಿ ಅವನು ಗೊತ್ತುಮಾಡಿದ. ನಮ್ಮವರು ಅದಕ್ಕೆ ‘ಯಾವತ್ ತಾವತ್’, ಎಂದರೆ ‘ಎಷ್ಟೋ ಅಷ್ಟು’ ಎಂದು ಹೆಸರಿಟ್ಟು, ಚಿಕ್ಕದಾಗಿ ‘ಯಾ’ ಎಂದು ಬರೆಯುತ್ತಿದ್ದರು. ಎರಡನೆಯದೊಂದು ಬೇಕಾದರೆ ಬಣ್ಣದ ಹೆಸರು: ಕಾಲಕದ ‘ಕಾ’, ನೀಲಕದ ‘ನೀ’. ಒಟ್ಟಿನಲ್ಲಿ ಅದಕ್ಕೆ ಅವ್ಯಕ್ತವೆಂದು ಹೆಸರು. ಸಾಂಖ್ಯರು ಜಗತ್ತಿನ ಮೂಲಪ್ರಕೃತಿಗೆ ಕೊಟ್ಟ ಹೆಸರನ್ನೇ ಗಣಿತದವರು ಕುದುರೆಯ ಬೆಲೆಗೂ ಅಕ್ಕಿಯ ಅಳತೆಗೂ ಕೊಟ್ಟರು. ಈಗಿನ ಕನ್ನಡ ಪಠ್ಯಪುಸ್ತಕದಲ್ಲಿ ಅದು ‘ಚರಾಕ್ಷರ’. ಶಾಸ್ತ್ರೀಯವಾಗಿ ಇದು ಸರಿಯೇ ಇರಬಹುದು. ಆದರೆ ಅವ್ಯಕ್ತ ಎಂಬ ಮಾತಿನಲ್ಲಿ, ಇಂದಲ್ಲ ನಾಳೆ ವ್ಯಕ್ತವಾದೀತು ಎಂಬ ಭರವಸೆಯಿತ್ತು.

ಆಕೆ ಮಲ್ಲಿಗೆಗೆ ‘ಮ’, ಸೇವಂತಿಗೆಗೆ ‘ಸೇ’ ಎಂದು ಬರೆಯತೊಡಗಿದರು. ನಾನು ಬೇಡವೆನ್ನಲಿಲ್ಲ, ಒಂದು ಎಚ್ಚರಿಕೆ ಮಾತ್ರ ಕೊಟ್ಟೆ. ‘ಮ’ ಎಂದರೆ ಮಲ್ಲಿಗೆಯಲ್ಲ, ಒಂದು ಮೊಳ ಮಲ್ಲಿಗೆಯ ಬೆಲೆ. ಹೂವನ್ನು ಹೂವಿನಿಂದ ಕಳೆಯಲಾಗುವುದಿಲ್ಲ, ಬೆಲೆಯನ್ನು ಬೆಲೆಯಿಂದ ಕಳೆಯಬಹುದು. ಇದು ಸಣ್ಣ ಮಾತೆಂದು ಕಾಣುತ್ತದೆ. ಹೈಸ್ಕೂಲಿನಲ್ಲಿ ಸೋಲುವವರಲ್ಲಿ ಎಷ್ಟೋ ಮಂದಿ ಸೋಲುವುದು ಇಲ್ಲಿಯೇ.

ಪಾಠ ಚೆನ್ನಾಗಿ ಸಾಗಿತು ಎಂದು ಬರೆದರೆ ಸುಳ್ಳಾಗುತ್ತದೆ. ರಾತ್ರಿ ಪಾಳಿ ಬಿದ್ದ ವಾರಗಳಲ್ಲಿ ಆಕೆ ಕೂತಲ್ಲಿಯೇ ತೂಕಡಿಸುತ್ತಿದ್ದರು. ಆವರಣ ಬಿಡಿಸುವಾಗ ಮೈನಸ್ಸು ಒಳಗಿನ ಎರಡನೆಯ ಪದಕ್ಕೆ ತಲುಪುತ್ತಲೇ ಇರಲಿಲ್ಲ. ಭಿನ್ನರಾಶಿ ಬಂದ ದಿನ ನೋಟ್‌ಬುಕ್ಕನ್ನು ಮುಚ್ಚಿ, ‘ಇದು ನನ್ನ ಕೈಲಾಗಲ್ಲ ಸಾರ್. ಮಗಳಾದರೂ ಓದ್ಲಿ’ ಎಂದು ಎದ್ದು ಹೋದವರು ನಾಲ್ಕು ದಿನ ಪಾಠಕ್ಕೆ ಬರಲಿಲ್ಲ. ಹೂವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗುತ್ತಿದ್ದರು. ಐದನೆಯ ದಿನ ಮಗಳೇ ಕೈಹಿಡಿದು ಕರೆತಂದಳು. ಆ ಹುಡುಗಿಗೂ ಆ ತಿಂಗಳು ತರಗತಿಯಲ್ಲಿ ಅದೇ ಪಾಠ. ಅಂದಿನಿಂದ ಮಗಳು ಬಾಗಿಲ ಹತ್ತಿರ ಕೂತು ತಾಯಿಯ ಉತ್ತರಗಳನ್ನು ಸಮೀಕರಣದಲ್ಲಿ ಮತ್ತೆ ಇಟ್ಟು ತಾಳೆ ನೋಡುವ ಕೆಲಸ ವಹಿಸಿಕೊಂಡಳು. ಲೆಡ್ಜರಿನ ಮನುಷ್ಯನಾದ ನನಗೆ ತಾಳೆ ನೋಡದ ಲೆಕ್ಕ ಲೆಕ್ಕವೇ ಅಲ್ಲ. ಬೀಜಗಣಿತದಲ್ಲಿರುವ ದೊಡ್ಡ ಉಪಕಾರವೆಂದರೆ ಅದೇ. ಸರಿಯೋ ತಪ್ಪೋ ಎಂದು ತಿಳಿಯಲು ಮೇಷ್ಟರ ಮುಖ ನೋಡಬೇಕಾಗಿಲ್ಲ.

ವಯಸ್ಸಿನ ಲೆಕ್ಕಗಳನ್ನು ಕಂಡರೆ ಆಕೆಗೆ ತಾತ್ಸಾರ. ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು, ಹತ್ತು ವರ್ಷದ ನಂತರ ಎರಡರಷ್ಟು, ಹಾಗಾದರೆ ಇಬ್ಬರ ವಯಸ್ಸೆಷ್ಟು? ‘ಕೇಳಿದ್ರೆ ಹೇಳಿಬಿಡ್ತಾರಲ್ಲ ಸಾರ್, ಯಾಕೆ ಇಷ್ಟು ಸುತ್ತು?’ ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಭಿನ್ನರಾಶಿಗೆ ಮಾತ್ರ ಒಂದು ಉಪಾಯ ಸಿಕ್ಕಿತು. ‘ಆಲ್ಜೀಬ್ರಾ’ ಎಂಬ ಮಾತು ಬಂದದ್ದು ಸುಮಾರು 820ರಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಬರೆದ ಪುಸ್ತಕದ ಹೆಸರಿನಲ್ಲಿದ್ದ ‘ಅಲ್ ಜಬ್ರ್’ ಎಂಬುದರಿಂದ. ಮುರಿದದ್ದನ್ನು ಕೂಡಿಸಿ ಸರಿಮಾಡುವುದು ಎಂದು ಅದರ ಅರ್ಥ. ಸ್ಪೇನಿನಲ್ಲಿ ಬಹಳ ಕಾಲ ಮೂಳೆ ಕೂರಿಸುವವನಿಗೆ ‘ಆಲ್ಜೆಬ್ರಿಸ್ತ’ ಎಂದೇ ಹೆಸರು. ಇದನ್ನು ಹೇಳಿದಾಗ ಆಕೆ, ‘ಹಾಗಾದ್ರೆ ಪುತ್ತೂರು ಕಟ್ಟಿನ ಹಾಗೆ!’ ಎಂದರು. ಭಿನ್ನರಾಶಿ ಕಂಡಾಗಲೆಲ್ಲ, ‘ಮೊದಲು ಮೂಳೆ ಕೂರಿಸ್ಕೊಳ್ಳೋಣ’ ಎಂದು ಎರಡೂ ಕಡೆ ಛೇದದಿಂದ ಗುಣಿಸುವುದು ಅಲ್ಲಿಂದ ರೂಢಿಯಾಯಿತು.

ಮಾರ್ಚಿಗೆ ಮೊದಲು, ಪಠ್ಯಪುಸ್ತಕ ಸಾಕಾಗಿ, ನಾನು ಭಾಸ್ಕರಾಚಾರ್ಯನ ಲೆಕ್ಕವೊಂದನ್ನು ಕೊಟ್ಟೆ. ಲೀಲಾವತಿಯ ಕರ್ತೃವೇ ಅವನು. ತನ್ನ ಊರು ಸಹ್ಯಾದ್ರಿಯ ಸೀಮೆಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ನಾವು, ಅಲ್ಲ ತಮ್ಮ ಕಡೆಯದೆಂದು ಮರಾಠಿಗರು ಇನ್ನೂ ಎಳೆದಾಡುತ್ತಿದ್ದೇವೆ, ಅದಿರಲಿ. ಅವನ ಬೀಜಗಣಿತದಲ್ಲಿ ಇಬ್ಬರು ಮನುಷ್ಯರು ಬರುತ್ತಾರೆ. ಒಬ್ಬನ ಬಳಿ ಆರು ಕುದುರೆ ಮತ್ತು ಮುನ್ನೂರು ನಾಣ್ಯ. ಇನ್ನೊಬ್ಬನ ಬಳಿ ಅದೇ ಬೆಲೆಯ ಹತ್ತು ಕುದುರೆ, ಆದರೆ ನೂರು ನಾಣ್ಯದ ಸಾಲ. ಇಬ್ಬರ ಸಿರಿಯೂ ಸಮ. ಕುದುರೆಯ ಬೆಲೆ ಎಷ್ಟು?

ಆಕೆ ‘ಕು’ ಎಂದು ಬರೆದರು. 6 ಕು + 300 = 10 ಕು − 100. ಸಾಲದವನಿಗೆ ನೂರು ಕೊಟ್ಟು ಸಾಲ ತೀರಿಸಿ, ಸಮವಾಗಿರಲೆಂದು ಇವನಿಗೂ ನೂರು ಕೊಟ್ಟರು. ಇಬ್ಬರ ಲಾಯದಿಂದಲೂ ಆರಾರು ಕುದುರೆ ಬಿಚ್ಚಿಸಿದರು. ನಾಲ್ಕು ಕುದುರೆಗೆ ನಾನೂರು; ಒಂದಕ್ಕೆ ನೂರು. ಮಗಳು ತಾಳೆ ನೋಡಿ, ಇಬ್ಬರದೂ ಒಂಬೈನೂರು ಎಂದಳು. ‘ನೋಡಿದ್ರಾ ಸಾರ್, ಸಾಲ ಇರೋನ ಹತ್ರವೇ ಕುದುರೆ ಜಾಸ್ತಿ’ ಎಂದು ಆಕೆ ನಕ್ಕದ್ದು ಅಡಿಗೆಮನೆಗೆ ಕೇಳಿಸಿತು.

ಇದಾಗಿ ಒಂದು ವಾರಕ್ಕೆ ಒಂದು ಮಡಿಸಿದ ಕಾಗದ ಹಿಡಿದು ಬಂದರು. ನರ್ಸಿಂಗ್ ಹೋಮಿನಲ್ಲಿ ಆಕೆ ಒಂದು ಮುಂಗಡ ತೆಗೆದುಕೊಂಡಿದ್ದರು. ತಿಂಗಳಿಗೆ ಒಂದು ಸಾವಿರ ಹಿಡಿಯುತ್ತೇವೆ ಎಂದು ಬಾಯಲ್ಲಿ ಹೇಳಿದ್ದರು. ಸಂಬಳದ ಚೀಟಿಯಲ್ಲಿ ಕೆಲಸ ಮಾಡಿದ ದಿನಗಳು, ಕೈಗೆ ಬಂದ ಹಣ, ಇವೆರಡು ಮಾತ್ರ ಇರುತ್ತಿದ್ದವು. ದಿನಕ್ಕೆ ಎಷ್ಟೆಂದು ಕೇಳಿದರೆ ‘ಎಲ್ಲ ಸೇರಿ ಅಷ್ಟು’ ಎಂಬ ಉತ್ತರ. ಒಂದು ತಿಂಗಳು 26 ದಿನಕ್ಕೆ 11,500. ಮುಂದಿನ ತಿಂಗಳು 24 ದಿನಕ್ಕೆ 10,500. ಹಿಡಿದ ಸಾವಿರವನ್ನು ಕೂಡಿಸಿ ದಿನಕ್ಕೆ ಹಂಚಿದರೆ ಒಂದು ತಿಂಗಳು 480 ಚಿಲ್ಲರೆ, ಇನ್ನೊಂದು ತಿಂಗಳು 479 ಚಿಲ್ಲರೆ. ಒಂದೇ ಕೆಲಸಕ್ಕೆ ತಿಂಗಳಿಗೊಂದು ಕೂಲಿ ಹೇಗೆ ಎಂಬುದು ಆಕೆಯ ಬಹುದಿನದ ಗೊಂದಲ; ತನ್ನ ಲೆಕ್ಕವೇ ತಪ್ಪೆಂದು ಸುಮ್ಮನಿದ್ದರು.

ಕಾಗದದಲ್ಲಿ ಹೀಗೆ ಬರೆದಿತ್ತು: ದಿನಗೂಲಿ ‘ದಿ’. ಎರಡು ತಿಂಗಳೂ ಹಿಡಿದದ್ದು ಒಂದೇ. ಆದ್ದರಿಂದ 26 ದಿ − 11,500 = 24 ದಿ − 10,500. ಕೆಳಗೆ, 2 ದಿ = 1,000; ದಿ = 500. ಅದರ ಕೆಳಗೆ, 13,000ದಲ್ಲಿ 11,500 ಹೋದರೆ 1,500. ಮಗಳ ಕೈಬರಹದಲ್ಲಿ, 12,000ದಲ್ಲಿ 10,500 ಹೋದರೆ 1,500, ಸರಿ.

ತಿಂಗಳಿಗೆ ಹಿಡಿಯುತ್ತಿದ್ದುದು ಸಾವಿರವಲ್ಲ, ಒಂದೂವರೆ ಸಾವಿರ.

ನಾನು ಆ ಕಾಗದವನ್ನು ಎರಡು ಸಲ ಓದಿದೆ. ಆರ್ಯಭಟ 499ರಲ್ಲಿ ಬರೆದ ಪುಸ್ತಕದಲ್ಲಿ ಇದೇ ರೀತಿ ಇದೆ: ಇಬ್ಬರ ಸಿರಿ ಸಮನಾಗಿದ್ದರೆ, ಅವರ ಹಣದ ವ್ಯತ್ಯಾಸವನ್ನು ಅವರ ವಸ್ತುಗಳ ವ್ಯತ್ಯಾಸದಿಂದ ಭಾಗಿಸು, ವಸ್ತುವಿನ ಬೆಲೆ ಬರುತ್ತದೆ. ಆಕೆಗೆ ಆರ್ಯಭಟನ ವಿಷಯ ನಾನು ಹೇಳಿರಲಿಲ್ಲ. ಆ ಹೊತ್ತಿನಲ್ಲಿಯೂ ಹೇಳಲು ಮನಸ್ಸು ಬರಲಿಲ್ಲ.

‘ನಾನೂ ಜೊತೆಗೆ ಬರುತ್ತೇನಮ್ಮ, ಕೇಳೋಣ’ ಎಂದೆ.

‘ಬೇಡಿ ಸಾರ್. ನೀವು ಬಂದ್ರೆ ಇದು ನೀವು ಮಾಡಿದ ಲೆಕ್ಕ ಅಂದ್ಕೋತಾರೆ.’

ಒಬ್ಬರೇ ಹೋದರು. ಗುಮಾಸ್ತರು ಮೊದಲು ನಕ್ಕರಂತೆ, ಆಮೇಲೆ ಕಾಗದ ನೋಡಿದರಂತೆ, ಆಮೇಲೆ ರಿಜಿಸ್ಟರು ತೆಗೆಸಿದರಂತೆ. ಹೆಚ್ಚಿನ ಐನೂರು ಸಮವಸ್ತ್ರದ ಕಂತು. ಸಮವಸ್ತ್ರದ ಬೆಲೆ ಎಂಟು ತಿಂಗಳ ಹಿಂದೆಯೇ ತೀರಿತ್ತು. ಕಂತು ನಿಲ್ಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮುಂದಿನ ತಿಂಗಳಿಂದ ನಿಲ್ಲಿಸಿದರು. ಹಿಂದಿನ ಎಂಟು ತಿಂಗಳ ನಾಲ್ಕು ಸಾವಿರಕ್ಕೆ ‘ನೋಡೋಣ’ ಎಂದಿದ್ದಾರೆ. ಇನ್ನೂ ನೋಡುತ್ತಿದ್ದಾರೆ.

ಪರೀಕ್ಷೆಯ ವಿಷಯ ಹೆಚ್ಚು ಬರೆಯುವುದಕ್ಕಿಲ್ಲ. ರೇಖಾಗಣಿತದಲ್ಲಿ ಎರಡು ಪ್ರಮೇಯಗಳನ್ನು ಬಾಯಿಪಾಠ ಮಾಡಿಸಿದ್ದೆ, ಒಂದು ಬಂದಿತ್ತು. ತ್ರಿಕೋನಮಿತಿಯನ್ನು ನಾವಿಬ್ಬರೂ ಸೇರಿ ಬಿಟ್ಟುಬಿಟ್ಟಿದ್ದೆವು. ಸಮೀಕರಣದ ಜೋಡಿಯ ಲೆಕ್ಕ ಬಂದಿತ್ತು. ಅದನ್ನು ಎಕ್ಸ್, ವೈ ಎಂದೇ ಬರೆದೆ, ‘ದಿ’ ಎಂದು ಬರೆಯಲಿಲ್ಲ ಎಂದು ಆಕೆ ಹೊರಗೆ ಬಂದ ಕೂಡಲೇ ಫೋನು ಮಾಡಿ ಹೇಳಿದರು. ಅಂಕ ಎಷ್ಟು ಬಂತೆಂದು ಬರೆಯಬಾರದೆಂದು ಆಕೆಯ ಅಪ್ಪಣೆಯಾಗಿದೆ. ಸಾಲುವಷ್ಟು ಬಂತು, ಮೇಲೆ ಸ್ವಲ್ಪ ಮಿಕ್ಕಿತು.

ನೋಂದಣಿ ಮೇಜಿನ ಪಾಳಿ ಬೆಳಿಗ್ಗೆ ಆರೂವರೆಗೆ ಶುರುವಾಗುತ್ತದೆ. ಹೂವಿನ ಬುಟ್ಟಿಯನ್ನು ಆಕೆ ಬಿಟ್ಟಿಲ್ಲ; ಸಂಜೆ ಗಾಂಧಿಬಜಾರಿನಲ್ಲಿ ಕೂರುತ್ತಾರೆ, ಪಕ್ಕದಲ್ಲಿ ಮಗಳು ಪುಸ್ತಕ ಬಿಡಿಸಿಕೊಂಡಿರುತ್ತಾಳೆ. ಬೆಳಗಿನ ಪೂಜೆಗೆ ಮನೆಗೆ ಹೂವು ತರುವವರಿಲ್ಲವೆಂದು ನನ್ನ ಹೆಂಡತಿಗೆ ಸ್ವಲ್ಪ ಅಸಮಾಧಾನ. ಈಗ ನಾನು ಸಂಜೆ ವಾಯುಸೇವನೆಗೆ ಹೋದಾಗ ಎರಡು ಮೊಳ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮರುದಿನಕ್ಕೆ ಇಡುತ್ತೇನೆ.